ಆರ್ಚರ್ಡ್ ಗುಡ್ಡ ಸೆಟಲ್‌ಮೆಂಟ್ ಆಗುವ ಮುನ್ನ: 39ಎ ನೋಟೀಸಿಗೆ ಆಕ್ಷೇಪಣೆ ಬರೆಯುವುದು ಹೇಗೆ? (ಗೋವಾ, ಜೂನ್ 2025)

ಜುವಾರಿ ದಡ:

ಗೋವಾದ ಕನ್ನಡಿಗರಿಗೆ ಒಂದು ಪ್ರಶ್ನೆ. ಊರ ಹಿಂದಿನ ಗುಡ್ಡದಲ್ಲಿ ಒಂದೇ ಸರ್ವೆ ನಂಬರಿನ 40,000 ಚದರ ಮೀಟರ್ ಜಾಗ ಇದೆ. ರಾಜ್ಯದ ಭೂಬಳಕೆ ನಕ್ಷೆಯಾದ ರೀಜನಲ್ ಪ್ಲಾನ್ 2021ರಲ್ಲಿ ಅದು ಆರ್ಚರ್ಡ್ (ತೋಟದ ವಲಯ). ಅದನ್ನು ಸೆಟಲ್‌ಮೆಂಟ್ ಝೋನ್ (ಮನೆ ಕಟ್ಟುವ ವಲಯ) ಮಾಡಲು ಗೋವಾದ ಟೌನ್ ಪ್ಲಾನಿಂಗ್ ಕಾಯ್ದೆಯ 39ಎ ಅಡಿಯಲ್ಲಿ ಗೆಜೆಟ್ ನೋಟೀಸು ಬಂದಿದೆ. ಗುಡ್ಡದ ಬುಡದಲ್ಲಿ ಎರಡು ಬಾವಿ, ಒಂದು ಝರಿ, ಅದರಾಚೆ ಖಾಜನ್ ಗದ್ದೆ (ಹೊಳೆಬದಿಯ ಬಾಂದಿನ ಒಳಗಿನ ತಗ್ಗು ಗದ್ದೆ). ‘ಗುಡ್ಡ ಉಳಿಸಿ’ ಎಂಬ ನಾಲ್ಕು ಸಾಲಿನ ಪತ್ರಕ್ಕೆ ಸಹಿ ಸಂಗ್ರಹ ನಡೆದಿದೆ. ಅಷ್ಟು ಸಾಕೇ? ಏನೇನು ಬರೆದರೆ ಅದಕ್ಕೆ ತೂಕ ಬರುತ್ತದೆ? ಇಲ್ಲಿ ಮತದಾರರಲ್ಲದವರೂ ಕೊಡಬಹುದೇ?

ಪಣಜಿ ಕಡತ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕೊಡಬಹುದು. 39ಎ ಸಲಹೆ ಕೇಳುವುದು ಸಾರ್ವಜನಿಕರಿಂದ. ಮತದಾರರ ಪಟ್ಟಿಯ ಷರತ್ತು ಇಲ್ಲ. ಗ್ರಾಮಸಭೆಯಲ್ಲಿ ಮಾತಾಡಿ ಠರಾವಿಗೆ ಕೈ ಎತ್ತಬೇಕಾದರೆ ಮಾತ್ರ ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇಲ್ಲಿ ಹೆಸರು ನೋಂದಾಯಿಸಿಕೊಂಡ ಕನ್ನಡಿಗರು ಸಾಕಷ್ಟಿದ್ದಾರೆ, ಆದರೆ ಗ್ರಾಮಸಭೆಗೆ ಹೋಗುವವರು ಕಡಿಮೆ. ಈ ವಿಷಯಕ್ಕಾದರೂ ಹೋಗಬೇಕು.

ಈಗ ಹಿನ್ನೆಲೆ. ರೀಜನಲ್ ಪ್ಲಾನ್ 2011ರ ವಿರುದ್ಧ ಇಡೀ ಗೋವಾ ಬೀದಿಗೆ ಬಂದಿತ್ತು, 2007ರಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು. ಆಮೇಲೆ ಚಾರ್ಲ್ಸ್ ಕೊರಿಯಾ ಅವರಿದ್ದ ಕಾರ್ಯಪಡೆ ಊರೂರಿನ ನಕ್ಷೆ ಸಮೇತ ರೀಜನಲ್ ಪ್ಲಾನ್ 2021 ರೂಪಿಸಿತು. ಕಾಡು, ಮ್ಯಾಂಗ್ರೋವ್, ನೀರಿನ ತಾಣ, ಗದ್ದೆ, ಖಾಜನ್ ಎಲ್ಲವೂ ಇಕೋ-1, ಅಂದರೆ ಮೊದಲ ದರ್ಜೆಯ ಪರಿಸರ ಸೂಕ್ಷ್ಮ ವಲಯ. ಆರ್ಚರ್ಡ್, ಸಾಗುವಳಿ ಜಮೀನು, ಉಪ್ಪಿನ ಆಗರ, ಕಡಿದಾದ ಇಳಿಜಾರು ಇಕೋ-2, ಎರಡನೇ ದರ್ಜೆ. ಈ ನಕ್ಷೆಯನ್ನು ಒಮ್ಮೆಗೇ ಬದಲಿಸಿದರೆ ಮತ್ತೆ 2007ರ ಹಾಗೆ ಜನ ಏಳುತ್ತಾರೆ. ಹಾಗಾಗಿ ಒಂದೊಂದೇ ಸರ್ವೆ ನಂಬರ್ ಬದಲಿಸುವ ದಾರಿಗಳು ಅದೇ ಕಾಯ್ದೆಯೊಳಗೆ ಬಂದವು: 2018ರಲ್ಲಿ 16ಬಿ, 2023ರಲ್ಲಿ 17(2), 2024ರಲ್ಲಿ 39ಎ. ‘ನಕ್ಷೆಯ ತಪ್ಪು ತಿದ್ದುಪಡಿ’ ಎಂದು 17(2) ಬಳಸಿದ್ದಕ್ಕೆ 2025ರ ಮಾರ್ಚ್‌ನಲ್ಲಿ ಹೈಕೋರ್ಟಿನ ಗೋವಾ ಪೀಠ ಕಡಿವಾಣ ಹಾಕಿ, ಅದರ ನಿಯಮ ಮತ್ತು ಮಾರ್ಗಸೂಚಿಗಳನ್ನು ರದ್ದು ಮಾಡಿತು. 39ಎಗೆ ತಪ್ಪು ತಿದ್ದುವ ನೆಪವೂ ಬೇಡ, ಯಾರಾದರೂ ಅರ್ಜಿ ಕೊಟ್ಟರೆ ಸಾಕು. ಅದರಲ್ಲಿ ಜನರಿಗೆ ಇರುವ ಬಾಗಿಲು ನೋಟೀಸಿನ ನಂತರ ಸಲಹೆ ಕೊಡಲು ಸಿಗುವ 30 ದಿನ ಒಂದೇ. ಝೋನ್ ಒಮ್ಮೆ ಬದಲಾಯಿತೆಂದರೆ ಟೌನ್ ಪ್ಲಾನಿಂಗಿನ ಟೆಕ್ನಿಕಲ್ ಕ್ಲಿಯರೆನ್ಸ್, ಕಲೆಕ್ಟರ ಭೂಪರಿವರ್ತನೆಯ ಸನದು, ಪಂಚಾಯ್ತಿ ಲೈಸೆನ್ಸ್ ಒಂದರ ಹಿಂದೆ ಒಂದು ಬರುತ್ತವೆ. ಪಂಚಾಯ್ತಿ ಬಾಗಿಲಲ್ಲಿ ಧರಣಿ ಕೂರುವ ಹೊತ್ತಿಗೆ ಪಂಚಾಯ್ತಿಯ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಸಹಿ ಪತ್ರದ ಬಗ್ಗೆ: ಒಂದೇ ಒಕ್ಕಣೆಯ ಇನ್ನೂರು ಪ್ರತಿ ಹೋದರೆ ಅವನ್ನು ಒಂದೇ ಕಂತೆ ಕಟ್ಟಿ ಒಂದೇ ಸಾಲಿನಲ್ಲಿ ತಳ್ಳಿಹಾಕುವುದು ಸುಲಭ. ಆ ಸರ್ವೆ ನಂಬರಿಗೇ ಸೇರಿದ ಐದು ಕಾರಣಗಳನ್ನು ದಾಖಲೆ ಸಮೇತ ಬರೆದ ಹತ್ತು ಬೇರೆ ಬೇರೆ ಪತ್ರಗಳಿದ್ದರೆ, ಟೌನ್ ಪ್ಲಾನಿಂಗ್ ಮಂಡಳಿ ಪ್ರತಿಯೊಂದಕ್ಕೂ ಉತ್ತರ ಬರೆಯಬೇಕಾಗುತ್ತದೆ. ಬರೆಯದಿದ್ದರೆ ಮುಂದೆ ಕೋರ್ಟಿನಲ್ಲಿ ‘ಆಕ್ಷೇಪ ಪರಿಗಣಿಸಲಿಲ್ಲ’ ಎಂಬ ವಾದಕ್ಕೆ ಅದೇ ಆಧಾರ. ಚೀಫ್ ಟೌನ್ ಪ್ಲಾನರ್ ಹೆಸರಿಗೆ ಇಂಗ್ಲಿಷ್, ಕೊಂಕಣಿ ಅಥವಾ ಮರಾಠಿಯಲ್ಲಿ ಬರೆದು, ಎರಡು ಪ್ರತಿ ಒಯ್ದು, ಒಂದರ ಮೇಲೆ ಇನ್‌ವರ್ಡ್ ಮುದ್ರೆ ಮತ್ತು ತಾರೀಕು ಹಾಕಿಸಿಕೊಳ್ಳಿ. ಆ ಮುದ್ರೆ ಇಲ್ಲದ ಪತ್ರ ಕೊಟ್ಟೂ ಕೊಡದಂತೆ.

ದಾಖಲೆಗೆ ಮೊದಲು ಫಾರ್ಮ್ 1 ಮತ್ತು 14 ತೆಗೆಸಿ. ನಮ್ಮ ಕಡೆಯ ಪಹಣಿಯ ಹಾಗೆ. ಅದರಲ್ಲಿ ಜಿರಾಯತ್, ಬಾಗಾಯತ್, ತಾರಿ (ಭತ್ತದ ಗದ್ದೆ), ಖಾಜನ್, ಕೇರ್, ಮೊರಡ್ ಎಂಬ ಕಾಲಂಗಳಿವೆ. ತಾರಿ ಅಥವಾ ಖಾಜನ್ ಕಾಲಮಿನಲ್ಲಿ ಒಂದಿಷ್ಟು ವಿಸ್ತೀರ್ಣ ಇದ್ದರೂ ಆಕ್ಷೇಪಣೆಯ ಮೊದಲ ಅಂಶ ಅದೇ ಆಗಬೇಕು. ಆಮೇಲೆ ಗೇಣಿದಾರರ ಕಾಲಂ ನೋಡಿ. ಗೇಣಿ ಕಾಯ್ದೆಯಡಿ ಗೇಣಿದಾರನಿಗೆ ಬಂದ ಜಮೀನಾದರೆ, 1991ರ ಭೂಬಳಕೆ ನಿಯಂತ್ರಣ ಕಾಯ್ದೆಯ ಪ್ರಕಾರ ಕೃಷಿ ಬಿಟ್ಟು ಬೇರೆ ಬಳಕೆಗೆ ಬರುವುದಿಲ್ಲ. ಸಲಾವಲಿ, ಅಂಜುಣೆ, ತಿಳಾರಿ ನೀರಾವರಿಯ ಕಮಾಂಡ್ ಏರಿಯಾದೊಳಗೆ (ನಾಲೆಯ ನೀರು ತಲುಪುವ ಪ್ರದೇಶ) ಇದ್ದರೆ 1997ರ ಕಮಾಂಡ್ ಏರಿಯಾ ಕಾಯ್ದೆಯ ತಡೆ ಬೇರೆ ಇದೆ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾದು ಕೂರಬೇಡಿ. ಅದರ ಉತ್ತರಕ್ಕೂ 30 ದಿನ, ನೋಟೀಸಿಗೂ 30 ದಿನ. ಅರ್ಜಿ ಹಾಕಿಡಿ, ಜತೆಗೇ ಕಡತ ನೋಡಲು ಅವಕಾಶ ಕೊಡಿ ಎಂದು ಪ್ರತ್ಯೇಕ ಪತ್ರ ಕೊಡಿ. ಕಡತ ತೋರಿಸದಿದ್ದರೆ ಅದನ್ನೂ ಆಕ್ಷೇಪಣೆಯಲ್ಲಿ ನಮೂದಿಸಿ.

ಶೇಡಿಗುಡ್ಡ:

ಗುಡ್ಡ ಎಂದಿರಿ, ಇಳಿಜಾರು ಎಷ್ಟು? ಇಡೀ ವಾದ ಅಲ್ಲಿ ನಿಲ್ಲುತ್ತದೆ. ರೀಜನಲ್ ಪ್ಲಾನಿನಲ್ಲಿ 25 ಶೇಕಡಾಕ್ಕಿಂತ ಕಡಿದಾದ ಇಳಿಜಾರು ‘ನೋ ಡೆವಲಪ್‌ಮೆಂಟ್’. 25 ಶೇಕಡಾ ಅಂದರೆ 4 ಮೀಟರ್ ಅಡ್ಡ ನಡೆದರೆ 1 ಮೀಟರ್ ಏರು, ಸುಮಾರು 14 ಡಿಗ್ರಿ. ಅಳೆಯಲು ಸರ್ವೆಯರ್ ಬರುವವರೆಗೆ ಕಾಯಬೇಕಿಲ್ಲ. 1:25,000ರ ಟೋಪೋಶೀಟಿನಲ್ಲಿ ಕಾಂಟೂರ್ (ಸಮಾನ ಎತ್ತರದ ಗೆರೆ) ಅಂತರ 10 ಮೀಟರ್ ಇದ್ದರೆ, ಎರಡು ಗೆರೆಗಳ ನಡುವೆ 1.6 ಮಿಲಿಮೀಟರಿಗಿಂತ ಕಡಿಮೆ ಇರುವ ಕಡೆಯೆಲ್ಲ 25 ಶೇಕಡಾ ದಾಟಿದೆ. ಅರ್ಜಿದಾರರ ಕಾಂಟೂರ್ ಪ್ಲಾನ್ ಕಡತದಲ್ಲಿ ಸಿಕ್ಕರೆ, 1:500ರ ಅಳತೆಯಲ್ಲಿ 1 ಮೀಟರಿನ ಗೆರೆಗಳ ನಡುವೆ 8 ಮಿಲಿಮೀಟರಿಗಿಂತ ಹತ್ತಿರ ಬಂದಲ್ಲಿ ಬಣ್ಣ ಹಚ್ಚಿ. ಆ ಬಣ್ಣದ ನಕ್ಷೆ ಒಂದು ಪುಟ ಸಾಕು, ಹತ್ತು ಪುಟದ ಬರಹಕ್ಕಿಂತ ಅದು ಮಾತಾಡುತ್ತದೆ.

ಎಲ್ಲಿ ಮೋಸ ಹೋಗುತ್ತೇವೆ ಗೊತ್ತೇ? ಸರಾಸರಿ ಇಳಿಜಾರಿನಲ್ಲಿ. ಗೋವಾದ ಗುಡ್ಡಗಳಿಗೆ ಮೇಲೆ ಚಪ್ಪಟೆ ಸಡಾ, ಅಂಚಿನಲ್ಲಿ ಕಡಿದಾದ ಇಳಿಕೆ, ಬುಡದಲ್ಲಿ ಮತ್ತೆ ಸಮ. ಮೂರನ್ನೂ ಕೂಡಿಸಿ ಭಾಗಿಸಿದರೆ 14–15 ಶೇಕಡಾ ಬಂದುಬಿಡುತ್ತದೆ, ನಡುವಿನ 35 ಶೇಕಡಾ ಮಾಯ. ‘ಸರಾಸರಿ ಬೇಡ, ಪ್ರತಿ ಕಾಂಟೂರ್ ಪಟ್ಟಿಗೂ ಬೇರೆ ಬೇರೆ ಲೆಕ್ಕ ಕೊಡಿ’ ಎಂದು ಬರೆಯಿರಿ.

ಇನ್ನು ಝರಿಯ ವಿಷಯ. ಮೇಲಿನ ಪದರ ಚಿರೇಕಲ್ಲು. ಮೈಯೆಲ್ಲ ತೂತು, ಮಳೆನೀರು ಸರಾಗ ಇಳಿಯುತ್ತದೆ. ಅದರ ಕೆಳಗೆ ಶೇಡಿಮಣ್ಣು, ನುಣುಪು ಜೇಡಿ. ಅಲ್ಲಿ ನೀರು ನಿಂತು ಪಕ್ಕಕ್ಕೆ ಹರಿದು, ಗುಡ್ಡದ ಬುಡದಲ್ಲಿ ಝರಿಯಾಗಿ, ಬಾವಿಯ ನೀರಾಗಿ ಬರುತ್ತದೆ. ಮೇಲೆ ಕಾಂಕ್ರೀಟ್ ಹಾಸಿದರೆ ಝರಿಗೆ ಹೋಗುವ ನೀರು ನಿಲ್ಲುತ್ತದೆ. ಅಂಚು ಕಡಿದರೆ ಶೇಡಿ ಬಯಲಿಗೆ ಬೀಳುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿ ನೀರು ಕುಡಿದರೆ ಬೆಣ್ಣೆ. ಏಪ್ರಿಲ್‌ನಲ್ಲಿ ನೆಟ್ಟಗೆ ಕಡಿದು ಬಿಟ್ಟ ಕಟ್ಟಿಂಗ್ ಜುಲೈಯಲ್ಲಿ ಕುಸಿಯುವುದು ಇದಕ್ಕೇ. ಆದ್ದರಿಂದ ಝರಿ ಮತ್ತು ಎರಡು ಬಾವಿಗಳ ಜಾಗವನ್ನು ಸರ್ವೆ ಪ್ಲಾನಿನ ಮೇಲೆ ಗುರುತಿಸಿ, ಬಾವಿಯ ನೀರಿನ ಮಟ್ಟವನ್ನು ಟೇಪಿನಿಂದ ಅಳೆದು, ತಾರೀಕು ಹಾಕಿದ ಫೋಟೋ ಸೇರಿಸಿ. ಮೇ ಕೊನೆಯ ಮಟ್ಟ ಮುಖ್ಯವಾಗಿತ್ತು. ಮಳೆ ಹಿಡಿದಿದೆ, ಆದರೂ ಈಗಿನದನ್ನು ಅಳೆದಿಡಿ.

ಬಾದಾಮಿ ಮೇಸ್ತ್ರಿ:

ಎಲ್ಲಾ ಓದಿದೆ. ನನ್ನ ಮಾತು ಸ್ವಲ್ಪ ಬ್ಯಾರೆ ಐತ್ರೀ. ಇಲ್ಲಿ ಗೌಂಡಿ, ಸೆಂಟ್ರಿಂಗ್, ಬಾರ್ ಬೆಂಡಿಂಗ್ ಕೆಲಸ ಮಾಡೋ ಮಂದ್ಯಾಗ ವಿಜಯಪುರ, ಬಾಗಲಕೋಟಿ, ಗದಗ, ಕೊಪ್ಪಳದವ್ರು ಎಷ್ಟ್ ಮಂದಿ ಅದಾರ ನೋಡ್ರಿ. ದೊಡ್ಡ ಪ್ರಾಜೆಕ್ಟ್ ಅಂದ್ರ ಎರಡ್ಮೂರು ವರ್ಷ ಒಂದ ಕಡೆ ಕೆಲಸ, ವಾರಕ್ಕ ಪಗಾರ. ನಾವ ಹೋಗಿ ‘ಬ್ಯಾಡ’ ಅಂತ ಸಹಿ ಮಾಡಿದ್ರ ಹೊಟ್ಟಿಗೆ ಏನ್ ಮಾಡೂದು? ಮತ್ತ ಗುಡ್ಡದಾಗ ಕಟ್ಟಾಕ ಬರೂದಿಲ್ಲ ಅನ್ನೂದೂ ಪೂರ್ತಿ ಖರೆ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದ್ ಹಂತ 2–3 ಮೀಟರ್ ದಾಟದಂಗ ಇಟ್ಟು, ರಿಟೇನಿಂಗ್ ವಾಲ್ ಮುಗಿಸಿದ ಮ್ಯಾಲೇ ಮುಂದಿನ ಹಂತ ಕಡಿದ್ರ ನಿಲ್ತೈತಿ. ಗ್ವಾಡಿ ಬೀಳೂದು ಯಾಕ ಅಂದ್ರ ಹಿಂದ ನೀರ್ ತುಂಬತೈತಿ. ವೀಪ್ ಹೋಲಿಗೆ (ನೀರ್ ಹೊರಗ ಹೋಗೂ ತೂತಿಗೆ) ಪೈಪ್ ಹಾಕ್ತಾರ, ಹಿಂದ ಜಲ್ಲಿ ತುಂಬೂದಿಲ್ಲ, ಕಡಿದ ಮಣ್ಣನ್ನ ಹಂಗ ವಾಪಸ್ ನೂಕ್ತಾರ. ಮೊದಲ್ನೇ ಮಳಿಗೇ ಪೈಪ್ ಕಟ್ಟಕೊಂಡ್ ಬಿಡತೈತಿ. ಆಮ್ಯಾಲೆ ಗ್ವಾಡಿ ಮಣ್ಣನ್ನಷ್ಟ ಅಲ್ಲ, ನೀರಿನ ಒತ್ತಡಾನೂ ಹೊರಬೇಕು. ಡಿಸೈನ್ ಮಾಡಿದ್ದು ಅದಕ್ಕಲ್ಲ.

ಶೇಡಿಗುಡ್ಡ:

ಮೇಸ್ತ್ರಿಯವರೇ, ಗೋಡೆಯ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ಸರಿ. ಗೋಡೆ ಗಟ್ಟಿ ನಿಂತಿತು ಅಂತಲೇ ಇಟ್ಟುಕೊಳ್ಳೋಣ. ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ? ನಾಲ್ಕು ಹೆಕ್ಟೇರಿನಲ್ಲಿ ಒಂದೇ ಹೆಕ್ಟೇರ್ ಸಮ ಮಾಡಲು ಸರಾಸರಿ 3 ಮೀಟರ್ ಕಡಿದರೆ 30,000 ಘನ ಮೀಟರ್. ಕಡಿದ ಮಣ್ಣು ಉಬ್ಬುತ್ತದೆ, 1.3 ಪಟ್ಟು ಹಿಡಿದರೆ 39,000. ಹತ್ತು ಘನ ಮೀಟರಿನ ಟಿಪ್ಪರಿಗೆ 3,900 ಟ್ರಿಪ್. ಅಷ್ಟು ಮಣ್ಣು ಸಾಮಾನ್ಯವಾಗಿ ಹತ್ತಿರದ ತಗ್ಗಿಗೇ ಹೋಗುವುದು, ಅಂದರೆ ಗದ್ದೆಗೆ. ಗುಡ್ಡ ಕಡಿಯುವುದಕ್ಕೂ ತಗ್ಗು ತುಂಬುವುದಕ್ಕೂ ಟೌನ್ ಪ್ಲಾನಿಂಗ್ ಕಾಯ್ದೆಯ 17ಎ ಅಡಿಯಲ್ಲಿ ಮುಂಚೆಯೇ ಲಿಖಿತ ಅನುಮತಿ ಬೇಕು. ಚಿರೇಕಲ್ಲು, ಮಣ್ಣು ಹೊರಗೆ ಸಾಗಿಸಲು ಗಣಿ ಇಲಾಖೆಯ ಪರವಾನಗಿ ಬೇರೆ. ‘ಮಣ್ಣು ಎಲ್ಲಿ ಹಾಕುತ್ತೀರಿ, ಆ ಜಾಗದ ಸರ್ವೆ ನಂಬರ್ ಕೊಡಿ’ ಎಂಬ ಪ್ರಶ್ನೆಯನ್ನು ಝೋನ್ ಹಂತದಲ್ಲೇ ಎತ್ತಬೇಕು.

ಪಣಜಿ ಕಡತ:

ಮೇಸ್ತ್ರಿಯವರ ಹೊಟ್ಟೆಯ ಪ್ರಶ್ನೆಯನ್ನು ಬದಿಗೆ ತಳ್ಳಬಾರದು. ಆದರೆ ಕೆಲಸಕ್ಕಾಗಿ ಆರ್ಚರ್ಡ್ ಗುಡ್ಡವೇ ಬೇಕೆಂದಿಲ್ಲ. ಸೆಟಲ್‌ಮೆಂಟ್ ಝೋನಿನೊಳಗೇ ಕಟ್ಟದೆ ಬಿಟ್ಟ ಜಾಗ, ದುರಸ್ತಿಗೆ ಬಂದ ಹಳೆಯ ಮನೆ, ಬೀಗ ಹಾಕಿದ ಫ್ಲ್ಯಾಟ್ ಇವೆ. 2011ರ ಜನಗಣತಿಯಲ್ಲೇ ಗೋವಾದ ಐದು ಮನೆಗಳಲ್ಲಿ ಸುಮಾರು ಒಂದು ಖಾಲಿ. ಗುಡ್ಡದ ಮೇಲಿನ ಎರಡನೇ ಮನೆಗಳು ಆ ಮೇಸ್ತ್ರಿಗಾಗಲೀ ಊರಿನವರಿಗಾಗಲೀ ಬಾಡಿಗೆ ಇಳಿಸುವುದಿಲ್ಲ.

ಗಜನಿ ಕಗ್ಗ:

ಖಾಜನ್ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ಕುಮಟಾ, ಅಘನಾಶಿನಿ ಕಡೆಯವರಿಗೆ ನಮ್ಮ ಗಜನಿ ಎಂದರೆ ಸಾಕು. ಅಲ್ಲಿ ಕಗ್ಗ, ಇಲ್ಲಿ ಕೊರ್ಗುಟ್, ಎರಡೂ ಉಪ್ಪು ತಡೆಯುವ ಭತ್ತ. ಹೊಳೆಯ ಬದಿಗೆ ಮಣ್ಣಿನ ಬಾಂದು, ನಡುವೆ ಮಾನಸ್ ಎನ್ನುವ ತೂಬು. ಅದರ ಮರದ ಬಾಗಿಲು ಉಬ್ಬರದಲ್ಲಿ ಹೊಳೆನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ತೆರೆದುಕೊಳ್ಳುತ್ತದೆ. ಇಡೀ ವ್ಯವಸ್ಥೆ ಒಂದು ಲೆಕ್ಕದ ಮೇಲೆ ನಿಂತಿದೆ: ಬಾಗಿಲು ಮುಚ್ಚಿರುವ ಆರು ತಾಸಿನಲ್ಲಿ ಗುಡ್ಡದಿಂದ ಇಳಿಯುವ ನೀರನ್ನೆಲ್ಲ ಗದ್ದೆಯೂ ಒಳಗಿನ ಪೊಯ್ ಹೊಂಡವೂ ಹಿಡಿದಿಟ್ಟುಕೊಳ್ಳಬೇಕು.

ಈಗ ನಿಮ್ಮ ಗುಡ್ಡದ ಲೆಕ್ಕ. ಒಂದು ತಾಸಿನಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 4 ಹೆಕ್ಟೇರಿನ ಮೇಲೆ 2,000 ಘನ ಮೀಟರ್ ನೀರು. ಗಿಡಮರ ಇರುವ ಗುಡ್ಡದಿಂದ ಹರಿದು ಬರುವುದು ಸುಮಾರು 30 ಶೇಕಡಾ ಎಂದು ಹಿಡಿಯಿರಿ, 600. ಛಾವಣಿ, ರಸ್ತೆ, ಪಾರ್ಕಿಂಗ್ ಆದ ಮೇಲೆ 80 ಶೇಕಡಾ, 1,600. ಆ ಹೆಚ್ಚಿನ 1,000 ಘನ ಮೀಟರ್ ಮಾನಸ್ ಮುಚ್ಚಿದ ಹೊತ್ತಿಗೇ ಬಂದರೆ ಗದ್ದೆ ಮುಳುಗುತ್ತದೆ, ಬಾಂದಿನ ಮೇಲೆ ಒಳಗಿನಿಂದ ಒತ್ತಡ ಬೀಳುತ್ತದೆ. ಏಡಿ ಕೊರೆದ ತೂತು ಇದ್ದಲ್ಲಿ ಬಾಂದು ಒಡೆಯುತ್ತದೆ. ಒಡೆದರೆ ಉಪ್ಪುನೀರು ಗದ್ದೆಗೂ ಬಾವಿಗೂ. ಮೇಲಿನಿಂದ ಬರುವ ಕೆಂಪು ಹೂಳು ಪೊಯ್ ತುಂಬಿಸುವುದು ಇದರ ಜತೆಗೆ. ಇದಕ್ಕೂ ಮೇಲೆ ಒಂದು ಹೆಕ್ಟೇರ್ ಗದ್ದೆಯನ್ನು ಒಂದೂವರೆ ಮೀಟರ್ ಮಣ್ಣು ಹಾಕಿ ಎತ್ತರಿಸಿದರೆ 15,000 ಘನ ಮೀಟರ್ ನೀರಿನ ಜಾಗ ಹೋಯಿತು. 2011ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಗೋವಾದ ಖಾಜನ್‌ಗಳಲ್ಲಿ ಯಾವ ಅಭಿವೃದ್ಧಿ ಕಾಮಗಾರಿಯೂ ಇಲ್ಲ ಎಂದದ್ದು ಸುಮ್ಮನೆ ಅಲ್ಲ.

ಕೊಳಚೆ ನೀರನ್ನು ಮರೆಯಬೇಡಿ. ವಿಲೇಜ್ ಸೆಟಲ್‌ಮೆಂಟ್ ವಿಪಿ-2 ಆದರೆ ಎಫ್‌ಎಆರ್ 60. ಅಂದರೆ ಜಾಗದ 60 ಶೇಕಡಾದಷ್ಟು ಒಟ್ಟು ನೆಲ ಕಟ್ಟಬಹುದು, 40,000ಕ್ಕೆ 24,000 ಚದರ ಮೀಟರ್. ಫ್ಲ್ಯಾಟಿಗೆ 100 ಹಿಡಿದರೆ 240 ಫ್ಲ್ಯಾಟ್, ತಲಾ ಐದು ಜನ, 1,200. ತಲೆಗೆ ದಿನಕ್ಕೆ 135 ಲೀಟರಿನಂತೆ 1,62,000 ಲೀಟರ್, 10,000 ಲೀಟರಿನ ಹದಿನಾರು ಟ್ಯಾಂಕರ್. ಅದರ 80 ಶೇಕಡಾ, ಸುಮಾರು 1,30,000 ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ‘ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಹಾಕಿ ಶುದ್ಧೀಕರಿಸಿ ತೋಟಕ್ಕೆ ಬಿಡುತ್ತೇವೆ’ ಎಂದು ಬರೆದಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ತೋಟಕ್ಕೂ ನೀರು ಬೇಡ. ಆ ನಾಲ್ಕು ತಿಂಗಳು ನೀರು ಎಲ್ಲಿಗೆ? ನಿಮ್ಮ ನಕ್ಷೆಯ ಪ್ರಕಾರ ಝರಿಗೆ, ಬಾವಿಗೆ, ಖಾಜನ್‌ಗೆ. ಈ ಪ್ರಶ್ನೆಗೆ ಲಿಖಿತ ಉತ್ತರ ಪಡೆಯದೆ ಬಿಡಬೇಡಿ.

ಪುಣೆ ಟೇಕಡಿ:

ಪುಣೆಯಿಂದ ಒಂದು ಮಾತು. ಇಲ್ಲಿ ಪಾಲಿಕೆಗೆ ಸೇರಿದ 23 ಹಳ್ಳಿಗಳ ಗುಡ್ಡಗಳಲ್ಲಿ 978 ಹೆಕ್ಟೇರನ್ನು ಜೀವವೈವಿಧ್ಯ ಉದ್ಯಾನ, ಬಿಡಿಪಿ ಎಂದು ಕಾದಿರಿಸಿದ್ದಾರೆ. ಕಾಗದದಲ್ಲಿ ಭದ್ರ. ಆದರೆ ಜಮೀನಿನ ಮಾಲೀಕರಿಗೆ ಪರಿಹಾರವಾಗಿ 8 ಶೇಕಡಾ ಟಿಡಿಆರ್ (ಬೇರೆಡೆ ಬಳಸಬಹುದಾದ ಕಟ್ಟುವ ಹಕ್ಕು) ಎಂದರೆ ಯಾರು ಒಪ್ಪುತ್ತಾರೆ? ಜಾಗ ಪಾಲಿಕೆಯ ಕೈಗೆ ಬರುವುದಿಲ್ಲ, ಗುಂಟೆ ಲೆಕ್ಕದಲ್ಲಿ ಮಾರಿಹೋಗಿ ರಾತ್ರೋರಾತ್ರಿ ಶೆಡ್ ಏಳುತ್ತದೆ. ಗೋವಾದಲ್ಲೂ ಗುಡ್ಡದ ಮಾಲೀಕನಿಗೆ ಗೋಡಂಬಿ ತೋಟ ಲಾಭ ತರದಿದ್ದರೆ, ಈ ಅರ್ಜಿ ಬಿದ್ದರೂ ಮುಂದಿನದು ಬಂದೇ ಬರುತ್ತದೆ.

ಪಣಜಿ ಕಡತ:

ಒಪ್ಪುತ್ತೇನೆ. ಆದರೆ ಆರ್ಚರ್ಡ್ ಮಾಲೀಕನ ಕೈ ಪೂರ್ತಿ ಕಟ್ಟಿಲ್ಲ. 4,000 ಚದರ ಮೀಟರಿಗೆ ಮೇಲ್ಪಟ್ಟ ಜಮೀನಿನಲ್ಲಿ ಫಾರ್ಮ್‌ಹೌಸಿಗೆ ಈಗಲೇ ಅವಕಾಶವಿದೆ. ಝೋನ್ ಬದಲಾವಣೆ ಕೇಳುವುದು ಅವನ ಮನೆಗಲ್ಲ.

ಬಾದಾಮಿ ಮೇಸ್ತ್ರಿ:

ಇನ್ನೊಂದ್ ಕೇಳ್ತೀನ್ರೀ. ಗುಡ್ಡ ಕಡಿಯೂದು ತಪ್ಪಂದ್ರ, ವಾಸ್ಕೋ ಹತ್ರದ ಜುವಾರಿನಗರ, ಬೈನಾ ಕಡೆ ಇಳಿಜಾರಿನ್ಯಾಗ ಕಟ್ಕೊಂಡ ನಮ್ಮ ಮಂದಿ ಮನಿ? ನಾವು ಸಹಿ ಮಾಡಿದ ಕಾಗದಾನ ನಾಳೆ ನಮ್ಮ ಮನಿಗೆ ಬುಲ್‌ಡೋಜರ್ ತರಬಾರದು.

ಪಣಜಿ ಕಡತ:

ಭಯ ನ್ಯಾಯವಾದದ್ದು. ಕಾನೂನು ಎರಡಕ್ಕೂ ಒಂದೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ನಿಮ್ಮ ಆಕ್ಷೇಪಣೆ ಒಂದು ಸರ್ವೆ ನಂಬರಿನ ಝೋನ್ ಬದಲಾವಣೆಗೆ ಮಾತ್ರ ಸಂಬಂಧಿಸಿದ್ದು, ಅದರಿಂದ ಬೇರೆ ಮನೆಯ ಮೇಲೆ ಕ್ರಮ ಹುಟ್ಟುವುದಿಲ್ಲ. ಬದಲಾಗಿ ಯೋಚಿಸಿ: ಮೇಲಿನ ಗುಡ್ಡ ಕಡಿದರೆ ಮಣ್ಣು ಇಳಿಯುವುದು ಇಳಿಜಾರಿನ ಕೆಳಗಿನ ಬಾಡಿಗೆ ಖೋಲಿಗಳ ಮೇಲೆ. ಅಲ್ಲಿ ಮಲಗಿರುವವರು ಯಾರು ಎಂದು ನಿಮಗೇ ಗೊತ್ತು.

ಜುವಾರಿ ದಡ:

ಎಲ್ಲರಿಗೂ ಋಣಿ. ಕರಡು ಹೀಗಿದೆ: (ಒಂದು) ಫಾರ್ಮ್ 1 ಮತ್ತು 14ರಲ್ಲಿ 1,800 ಚದರ ಮೀಟರ್ ತಾರಿ ಎಂದಿದೆ, ನೋಟೀಸಿನಲ್ಲಿ ಅದರ ಪ್ರಸ್ತಾಪವಿಲ್ಲ, (ಎರಡು) ಬಣ್ಣ ಹಚ್ಚಿದ ಕಾಂಟೂರ್ ನಕ್ಷೆ, (ಮೂರು) ಝರಿ, ಬಾವಿಗಳ ಗುರುತು ಮತ್ತು ನೀರಿನ ಮಟ್ಟ, (ನಾಲ್ಕು) ಖಾಜನ್‌ಗೆ ಹೆಚ್ಚಾಗುವ ನೀರಿನ ಲೆಕ್ಕ, (ಐದು) ಮಳೆಗಾಲದ ಕೊಳಚೆ ನೀರು. ಮರಗಳ ಬಗ್ಗೆ ಬರೆಯಬೇಕೇ? ಅರ್ಧ ಗೋಡಂಬಿ, ಮೇಲ್ಭಾಗದಲ್ಲಿ ಮತ್ತಿ, ಕಿಂದಳ, ಜಂಬೆ ಇವೆ.

ಶೇಡಿಗುಡ್ಡ:

ಬರೆಯಲೇಬೇಕು. ಗೋವಾದಲ್ಲಿ ಖಾಸಗಿ ಅರಣ್ಯ ಎನ್ನಲು ಮೂರು ಅಳತೆ: ಕನಿಷ್ಠ 5 ಹೆಕ್ಟೇರ್, 75 ಶೇಕಡಾ ಅರಣ್ಯ ಜಾತಿಯ ಮರಗಳು, ನೆತ್ತಿಯ ದಟ್ಟಣೆ 0.4 (ಮರಗಳ ನೆತ್ತಿ ನೆಲದ 40 ಶೇಕಡಾ ಮುಚ್ಚಿರಬೇಕು). ನಿಮ್ಮ ಸರ್ವೆ ನಂಬರ್ 4 ಹೆಕ್ಟೇರ್ ಎಂದು ಕೈಬಿಡಬೇಡಿ. ಮೇಲ್ಭಾಗದ ಮತ್ತಿ, ಕಿಂದಳದ ಪಟ್ಟಿ ಪಕ್ಕದ ಸರ್ವೆ ನಂಬರುಗಳಲ್ಲೂ ಮುಂದುವರಿದಿದ್ದರೆ, ಒಟ್ಟು ಹಸಿರು ಪಟ್ಟಿಯನ್ನು ಒಂದಾಗಿ ಅಳೆಯಬೇಕೆಂದು ಅರಣ್ಯ ಇಲಾಖೆಗೆ ಪ್ರತ್ಯೇಕ ಅರ್ಜಿ ಕೊಡಿ. ಗೋಡಂಬಿಯನ್ನು ಆ ಲೆಕ್ಕಕ್ಕೆ ಸೇರಿಸಬೇಡಿ, ಅದು ತೋಟದ ಬೆಳೆ. ಸೇರಿಸಿದರೆ ಇಡೀ ಎಣಿಕೆಯ ಮೇಲೆ ಅನುಮಾನ ಬರುತ್ತದೆ.

ಪಣಜಿ ಕಡತ:

ಇನ್ನೊಂದು ಅಂಶ ಸೇರಿಸಿ, ಆರನೆಯದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ನಿರ್ಮಾಣ ದಾಟಿದರೆ ಪರಿಸರ ಅನುಮತಿ ಬೇಕು. ಈ ಝೋನ್ ಸಿಕ್ಕರೆ 24,000 ಕಟ್ಟಬಹುದು, ಪಾರ್ಕಿಂಗ್ ಸೇರಿದರೆ ಇನ್ನೂ ಹೆಚ್ಚು. ಆದರೆ ಜಾಗವನ್ನು ಎರಡು ಸಬ್ ಡಿವಿಷನ್ ಮಾಡಿ ತಲಾ 20,000ಕ್ಕಿಂತ ಕಡಿಮೆ ತೋರಿಸಿದರೆ ಅನುಮತಿಯ ಪ್ರಶ್ನೆಯೇ ಏಳದಂತೆ ಮಾಡಬಹುದು. ‘ಇಡೀ ಸರ್ವೆ ನಂಬರನ್ನು ಒಂದೇ ಯೋಜನೆ ಎಂದು ಪರಿಗಣಿಸಿ’ ಎಂಬ ಸಾಲು ಈಗಲೇ ದಾಖಲೆಗೆ ಹೋಗಲಿ. ಕಟ್ಟಡ ಯೋಜನೆಗಳಿಗೆ ಆ ಅಧಿಸೂಚನೆಯಲ್ಲಿ ಸಾರ್ವಜನಿಕ ವಿಚಾರಣೆ ಇಲ್ಲ, ಹಾಗಾಗಿ ಅಲ್ಲಿ ಹೇಳಿಕೊಳ್ಳೋಣ ಎಂದು ಉಳಿಸಿಕೊಂಡ ಮಾತಿಗೆ ಮುಂದೆ ವೇದಿಕೆ ಸಿಗುವುದಿಲ್ಲ.

ಆಕ್ಷೇಪ ತಳ್ಳಿ ಝೋನ್ ಬದಲಿಸಿಯೇಬಿಟ್ಟರೆ ಹೋಗಬೇಕಾದದ್ದು ಪರ್ವರಿಯ ಹೈಕೋರ್ಟ್ ಪೀಠಕ್ಕೆ. ಪುಣೆಯ ಹಸಿರು ನ್ಯಾಯಮಂಡಳಿಗೆ ಅಲ್ಲ, ಟೌನ್ ಪ್ಲಾನಿಂಗ್ ಕಾಯ್ದೆ ಅದರ ವ್ಯಾಪ್ತಿಯಲ್ಲಿಲ್ಲ. ಮುಂದೆ ಪರಿಸರ ಅನುಮತಿ ಕೊಟ್ಟರೆ ಅದರ ವಿರುದ್ಧ ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ, ಸಕಾರಣ ತಡವಾದರೆ ಇನ್ನು 60 ದಿನ. ಅದರ ನಂತರ ಅವಧಿ ವಿಸ್ತರಿಸುವ ಅಧಿಕಾರ ಅದಕ್ಕೆ ಇಲ್ಲ. ಪರಿಸರ ಅನುಮತಿ ಅರ್ಜಿಗಳಿರುವ ಪರಿವೇಶ್ ಪೋರ್ಟಲಿನಲ್ಲಿ ಆ ಗ್ರಾಮದ ಹೆಸರನ್ನು ವಾರಕ್ಕೊಮ್ಮೆ ಹುಡುಕುವ ಹೊಣೆಯನ್ನು ಗುಂಪಿನಲ್ಲಿ ಒಬ್ಬರಿಗೆ ವಹಿಸಿ.

ಬಾದಾಮಿ ಮೇಸ್ತ್ರಿ:

ಮಣ್ಣಿನ ಲೆಕ್ಕಾನೂ ಹಾಕ್ರಿ ಅದರಾಗ, 3,900 ಟ್ರಿಪ್ಪಿಂದು. ಆ ರಸ್ತಾ ಎಷ್ಟು ಅಗಲ ಐತಿ ಅಂತ ಅಳದು ಜೋಡಸ್ರಿ. ಎರಡು ಟಿಪ್ಪರ್ ಎದುರಾಬದುರಾ ದಾಟಾಕ 6 ಮೀಟರ್ ಬೇಕು. ಇಂಗ್ಲಿಷಿನ್ಯಾಗ ಬರದು ಕೊಡ್ರಿ, ನಮ್ಮ ಸೈಟಿನ ಮಂದಿಗೆ ಕನ್ನಡದಾಗ ಓದಿ ಹೇಳಿ ಸಹಿ ಮಾಡಿಸ್ತೀನಿ.

ಜುವಾರಿ ದಡ:

ಸೇರಿಸುತ್ತೇನೆ ಅಣ್ಣ. ಇಂಗ್ಲಿಷ್ ಪ್ರತಿ ನಾಳೆ ಸಂಜೆ ಇಲ್ಲೇ ಹಾಕುತ್ತೇನೆ. ಸೋಮವಾರ ಪಣಜಿಗೆ ಒಯ್ಯುವುದು. ನೋಟೀಸಿನ ಗಡುವಿಗೆ ಇನ್ನೂ ಎಂಟು ದಿನ ಬಾಕಿ ಇರುತ್ತದೆ.